ಮರ ಇಲ್ಲಿಗೆ ಬರಲಿ

ಝಹ್ಲೆ
೧೧ ಅಕ್ಟೋಬರ್ ೧೯೯೪

ಉಸ್ತಾದ್ ನಾಸಿಫ್ ಸವಾಯಾ ಅವರಿಗೆ,

ಹನ್ನೊಂದು ವರ್ಷದ ಮೇಲೆ ನಿಮಗೆ ಕಾಗದ ಬರೆಯುತ್ತಿದ್ದೇನೆ. ಕುಶಲ ಕೇಳುವುದಕ್ಕಲ್ಲ. ನಿನ್ನೆ ನ್ಯಾಯಾಲಯದಲ್ಲಿ ನಡೆದದ್ದು ಇನ್ನೂ ನನ್ನ ಕಿವಿಯಲ್ಲಿ ಗುಂಯ್ ಎನ್ನುತ್ತಿದೆ, ಅದಕ್ಕೆ.

ನಮ್ಮ ಕಫರ್ ಸಮ್ರಾದ ಒರತೆ ತನ್ನದೆಂದು ಜಿರ್ಜಿ ಖತ್ತಾರ್ ದಾವೆ ಹಾಕಿರುವುದು ನಿಮಗೂ ಗೊತ್ತಿರುತ್ತದೆ. ಆ ನೀರನ್ನು ಬಾಟಲಿಗೆ ತುಂಬಿಸಿ ಬೈರೂತಿಗೆ ಮಾರುತ್ತಾನಂತೆ. ನಮ್ಮ ಬಳಿ ಇರುವುದು ತಾತನ ಕಾಲದ ಪಾಲುಪತ್ರ ಒಂದೇ. ಅದರಲ್ಲಿ ಬರೆದಿರುವುದು ಒಂದೇ ಸಾಲು: "ಗಿರಣಿಯ ಗೋಡೆಯಿಂದ ಅಕ್ರೋಟ್ ಮರದ ತನಕ ಶಾಹೀನ್ ಮನೆಯವರದು, ಮರದಿಂದಾಚೆ ಖತ್ತಾರ್ ಮನೆಯವರದು." ಗಿರಣಿಯ ಗೋಡೆ ಇನ್ನೂ ನಿಂತಿದೆ. ಮರ? ಯುದ್ಧದ ಚಳಿಗಾಲದಲ್ಲಿ ಯಾರೋ ಕಡಿದು ಒಲೆಗೆ ಹಾಕಿದರು. ಬುಡವನ್ನೂ ಬುಲ್ಡೋಜರ್ ಎತ್ತಿಕೊಂಡು ಹೋಯಿತು. ಭೂದಾಖಲೆಯ ಕಚೇರಿ ಸುಟ್ಟುಹೋಗಿದೆ.

ಮೊದಲು ಗಿರಣಿ, ಆಮೇಲೆ ಒರತೆ, ಆಮೇಲೆ ಮರ. ಹಾಗಿತ್ತು ಸಾಲು. ಒರತೆ ನಮ್ಮದು. ನಾನು ಅದನ್ನೇ ಹೇಳಿದೆ. ಜಿರ್ಜಿ ಎದ್ದು, "ಸುಳ್ಳು! ಮೊದಲು ಗಿರಣಿ, ಆಮೇಲೆ ಮರ, ಒರತೆ ಮರದಿಂದಾಚೆ" ಅಂದ. ನ್ಯಾಯಾಧೀಶರು ತಲೆ ಕೆರೆದುಕೊಂಡರು. ಅತ್ತ ನೋಡಿದರು, ಇತ್ತ ನೋಡಿದರು. ಥಟ್ಟನೆ ಅವರ ಕಣ್ಣು ಗೋಡೆಯ ಮೇಲೆ ನಿಂತಿತು. ಅಲ್ಲಿ ಒಂದು ಹಳೆಯ ಕ್ಯಾಲೆಂಡರ್. ತಿಂಗಳುಗಳೆಲ್ಲ ಹರಿದುಹೋಗಿವೆ, ಚಿತ್ರ ಚೆನ್ನಾಗಿದೆಯೆಂದು ತೂಗುಹಾಕಿದ್ದಾರೆ. ನೀವು ಬರೆದ ಚಿತ್ರ. ನಮ್ಮ ಒರತೆ.

"ಇಗೋ ಮರ!" ಅಂದರು ನ್ಯಾಯಾಧೀಶರು. ಗಿರಣಿಗೂ ಒರತೆಗೂ ನಡುವೆ, ನೀರಿನ ಮೇಲೆ ನೆರಳು ಚೆಲ್ಲಿ ನಿಂತಿದೆ ಮರ! ಜಿರ್ಜಿಯ ವಕೀಲ ಕ್ಯಾಲೆಂಡರಿಗೆ ಮುತ್ತು ಕೊಡುವುದೊಂದು ಬಾಕಿ. ನನ್ನ ಅಮ್ಮ ಎದ್ದು ನಿಂತು, "ಸ್ವಾಮಿ, ಅದು ಮರ ಅಲ್ಲ, ಬಣ್ಣ!" ಅಂತ ಕೂಗಿದರು. ಇಡೀ ಕೋಣೆ ನಕ್ಕಿತು.

ಜನವರಿ ಹದಿನಾರಕ್ಕೆ ವಿಚಾರಣೆ. ಸಾಕ್ಷಿ ಹೇಳಲು ನಿಮಗೆ ಸಮನ್ಸು ಬರುತ್ತದೆ. ಅಮ್ಮ ಊರಿಗೆ ಹಿಂತಿರುಗಬೇಕು ಅಂತ ಮೂಟೆ ಕಟ್ಟಿಕೊಂಡು ಕೂತಿದ್ದಾರೆ. ಒರತೆ ಹೋದರೆ ಉಳಿಯುವುದು ಮೂರು ಮೆಟ್ಟಿಲು ಒಣಹೊಲ. ಅಲ್ಲಿ ಟೊಮೇಟೊ ಹೋಗಲಿ, ಮುಳ್ಳೂ ಬೆಳೆಯದು.

ಒಂದೇ ಸಾಲು ಬರೆಯಿರಿ. ಮರ ಎಲ್ಲಿತ್ತು?

ನಜ್ಲಾ ತನ್ನೂಸ್ ಶಾಹೀನ್

•

ಕಫರ್ ಸಮ್ರಾ
೨೦ ಅಕ್ಟೋಬರ್ ೧೯೯೪

ತಾಯೀ ನಜ್ಲಾ!

ಏನಿದು! ಏನಿದು ನಾನು ಓದುತ್ತಿರುವುದು! ಹನ್ನೊಂದು ವರ್ಷ ಮೌನವಾಗಿದ್ದ ಶಿಷ್ಯೆ ಬಾಯಿ ಬಿಟ್ಟಳು, ಬಿಟ್ಟವಳು ಗುರುವಿಗೆ ಕೇಳಿದ ಮೊದಲ ಮಾತು, "ಮರ ಎಲ್ಲಿತ್ತು" ಎಂದೇ? ನಾಸಿಫ್ ಸವಾಯಾನಿಗೆ! ಮೂವತ್ತೈದು ವರ್ಷ ಈ ಊರಿನ ಮಕ್ಕಳಿಗೆ ಪೆನ್ಸಿಲು ಹಿಡಿಯಲು ಕಲಿಸಿದವನಿಗೆ! ಕತ್ತೆಯ ಬೆನ್ನಿಗೆ ಬಣ್ಣದ ಪೆಟ್ಟಿಗೆ ಕಟ್ಟಿಕೊಂಡು ಈ ಬೆಟ್ಟದ ಒಂದೊಂದು ತಿರುವಿನಲ್ಲೂ ಕೂತು, ಬಿಸಿಲಿಗೆ ತಲೆಗೂದಲು, ಹಿಮಕ್ಕೆ ಎರಡು ಕಾಲ್ಬೆರಳು ಒಪ್ಪಿಸಿದವನಿಗೆ!

ಕಾಗದ ಕೈ ಜಾರಿ ಕಾಫಿಯೊಳಗೆ ಬಿತ್ತು. ಒಣಗಿಸಿ ಮತ್ತೆ ಓದಿದೆ. ಮತ್ತೆ ಬೀಳಿಸಿದೆ.

ಕೇಳು. ಇವತ್ತು ನಮ್ಮ ಊರ ಚೌಕವನ್ನು ಮತ್ತೆ ಕಟ್ಟುತ್ತಿದ್ದಾರೆ. ಯಾವುದನ್ನು ನೋಡಿ? ನನ್ನ ಚಿತ್ರಗಳನ್ನು! ಬೈರೂತಿನಿಂದ ಬಂದ ಎಂಜಿನಿಯರು ನನ್ನ ಕ್ಯಾನ್ವಾಸಿನ ಮುಂದೆ ಅಳತೆಪಟ್ಟಿ ಹಿಡಿದು ನಿಲ್ಲುತ್ತಾನೆ. ಚರ್ಚಿನ ಗಂಟೆಗೋಪುರ ಎದ್ದಾಯಿತು. ನಮ್ಮ ಪಾದ್ರಿಗಳು ಮಾತ್ರ, "ಉಸ್ತಾದ್, ಹಿಂದೆ ಇಷ್ಟು ಎತ್ತರ ಇರಲಿಲ್ಲವೇನೋ, ಗಂಟೆ ಹೊಡೆಯೋಕೆ ಹಗ್ಗ ಸಾಲ್ತಿಲ್ಲ" ಅಂತ ಗೊಣಗುತ್ತಾರೆ. "ಅಪ್ಪಾ, ನಿನಗೆ ವಯಸ್ಸಾಯ್ತು, ಗೋಪುರಕ್ಕೆ ಅಲ್ಲ" ಅಂದೆ. ಫೆಬ್ರವರಿಯಲ್ಲಿ ಬೈರೂತಿನ ದೊಡ್ಡ ಗ್ಯಾಲರಿಯಲ್ಲಿ ನನ್ನ ಜೀವಮಾನದ ಪ್ರದರ್ಶನ. ಅದರ ಹೆಸರೇನು ಗೊತ್ತೇ? "ಕಂಡದ್ದು ಕಂಡಂತೆ." ಯುದ್ಧ ತಿಂದುಹಾಕಿದ ಬೆಟ್ಟ ಉಳಿದಿರುವುದು ಈ ಎರಡು ಕಣ್ಣುಗಳಲ್ಲಿ ಎಂದು ಪತ್ರಿಕೆಗಳು ಬರೆದಿವೆ. ನಾನು ಹೇಳಿದ್ದಲ್ಲ, ಪತ್ರಿಕೆಗಳು!

ಜಿರ್ಜಿ ಎಂಥವನೆಂದು ನನಗೂ ಗೊತ್ತು. ಅವನಿಗೂ ನಾನೇ ಕಲಿಸಿದ್ದು. ಮೂರು ವರ್ಷ ಕತ್ತೆ ಬರೆದ, ಮೂರು ವರ್ಷವೂ ಅದು ನಾಯಿಯಾಯಿತು. ಆದರೂ ಮಗಳೇ, ಕತ್ತೆ ಬರೆಯಲು ಬಾರದವನ ಬಾಯಲ್ಲೂ ಒಮ್ಮೊಮ್ಮೆ ನಿಜ ಬರುತ್ತದೆ. ಮರ ಗಿರಣಿಗೂ ಒರತೆಗೂ ನಡುವೆ ಇತ್ತು. ಅದರ ನೆರಳು ನೀರಿನ ಮೇಲೆ ಬೀಳುತ್ತಿತ್ತು. ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ. ಮೂವತ್ತೆಂಟು ಸಲ ಬರೆದಿದ್ದೇನೆ, ಮೂವತ್ತೆಂಟರಲ್ಲೂ ಅಲ್ಲಿಯೇ ಇದೆ. ಏನು ಮಾಡಲಿ? ನ್ಯಾಯಪೀಠದ ಮುಂದೆ ನಿಂತು ನನ್ನ ಕಣ್ಣಿಗೇ ದ್ರೋಹ ಬಗೆಯಲೇ?

ನಿನ್ನ ತಾಯಿ ವರ್ದೆಗೆ ನನ್ನ ನಮಸ್ಕಾರ ತಿಳಿಸು. ಅವಳ ಕಿಬ್ಬೆಯ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಎದೆ ಒಡೆದ ಗುರು,
ನಾಸಿಫ್

•

ಝಹ್ಲೆ
೨ ನವೆಂಬರ್ ೧೯೯೪

ಉಸ್ತಾದ್,

ನಿಮ್ಮ ಕಾಗದವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಊರಿನ ನಾಟಕದಲ್ಲಿ ನೀವೇ ಪರದೆ ಬರೆದು, ನೀವೇ ರಾಜನಾಗಿ ಬಂದು, ಸಾಯುವ ದೃಶ್ಯವನ್ನು ಜನ ಚಪ್ಪಾಳೆ ಹೊಡೆದರೆಂದು ಎರಡು ಸಲ ಸತ್ತಿದ್ದಿರಲ್ಲ, ಅಮ್ಮನಿಗೆ ಅದು ನೆನಪಾಯಿತು. "ಇವನು ಇನ್ನೂ ವೇಷ ಕಳಚಿಲ್ಲ" ಅಂದರು.

ನಾನೀಗ ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆಯ ಟೀಚರು. ನಿಮ್ಮಿಂದ ಕಲಿತದ್ದನ್ನೇ ಕಲಿಸುತ್ತೇನೆ, ಒಂದನ್ನು ಬಿಟ್ಟು. ಅದು ಯಾವುದೆಂದು ಹೇಳುತ್ತೇನೆ, ಕೇಳಿ.

೧೯೬೨ನೇ ಇಸವಿ. ನನಗೆ ಹನ್ನೊಂದು ವರ್ಷ. ನೀವು ತರಗತಿಯನ್ನೆಲ್ಲ ಒರತೆಯ ಹತ್ತಿರ ಕೂರಿಸಿ ಚಿತ್ರ ಬರೆಸಿದಿರಿ. ನಾನು ಗಿರಣಿ ಬರೆದೆ, ಒರತೆ ಬರೆದೆ, ಬಲತುದಿಯಲ್ಲಿ ಮರ ಬರೆದೆ. ಮರ ಎಲ್ಲಿತ್ತೋ ಅಲ್ಲಿ. ನೀವು ಹಿಂದಿನಿಂದ ಬಂದು ಬಗ್ಗಿ ನೋಡಿದಿರಿ. "ಏನಮ್ಮಾ ಇದು! ಮರ ಅಂಚಿಗೆ ಹೋಗಿ ನಿಂತಿದೆ, ಹೆದರಿಕೊಂಡ ಪಾತ್ರಧಾರಿ ಹಾಗೆ! ಕರಕೊಂಡು ಬಾ ನಡುವೆ!" ಅಂದಿರಿ. ರಬ್ಬರು ಇರಲಿಲ್ಲ. ನನ್ನ ತಿಂಡಿಯ ಡಬ್ಬಿ ತೆಗೆದು, ನನ್ನ ಅಮ್ಮ ಬೆಳಿಗ್ಗೆ ಸುಟ್ಟ ರೊಟ್ಟಿಯ ತುಣುಕು ಮುರಿದು, ಅದರಿಂದಲೇ ನನ್ನ ಮರವನ್ನು ತಿಕ್ಕಿ ತಿಕ್ಕಿ ಅಳಿಸಿದಿರಿ. ಇಪ್ಪತ್ತಕ್ಕೆ ಆರು ಅಂಕ. ಅವತ್ತು ನಾನು ತಿಂಡಿ ತಿನ್ನಲಿಲ್ಲ.

ನಾನು ನನ್ನ ಮಕ್ಕಳಿಗೆ ಮರ ಜರುಗಿಸಲು ಹೇಳುವುದಿಲ್ಲ. ಅದೊಂದೇ ನಾನು ಕಲಿಸದ ಪಾಠ.

ನಿಮಗೆ ಇದು ನೆನಪಿಲ್ಲ ಅಲ್ಲವೇ? ಇರಲಿ. ಇನ್ನೊಂದು ನೆನಪಿರಬೇಕು. ಮೂರು ಪುಟ ಬರೆದಿದ್ದೀರಿ, ಕತ್ತೆ ಬಂತು, ಪಾದ್ರಿ ಬಂದರು, ಕಿಬ್ಬೆ ಬಂತು. ನನ್ನ ಅಪ್ಪ ತನ್ನೂಸ್ ಅವರ ಹೆಸರು ಬರಲಿಲ್ಲ. ೧೯೮೩ರ ಸೆಪ್ಟೆಂಬರಿನಲ್ಲಿ ಯುದ್ಧಕ್ಕೆ ಹೆದರಿ ಊರು ಖಾಲಿಯಾದ ದಿನ ನೀವು ಬೇಕರಿಯವನ ವ್ಯಾನನ್ನು ಓಡಿಸಿಕೊಂಡು ಹೋದಿರಿ. ಹಿಂದೆ ಪೂರಾ ಚಿತ್ರಗಳು. ಮುಂದಿನ ಸೀಟಿನಲ್ಲೂ ನಿಮ್ಮ ಪಕ್ಕ ಒಂದು ಚಿತ್ರ ಕೂತಿತ್ತು, ಅಕ್ರೋಟ್ ಮರದ್ದು. ನಾವು ಮೂವರು ಗಿರಣಿಯ ತಿರುವಿನಲ್ಲಿದ್ದೆವು. ಅಪ್ಪನ ಕಾಲು ಹೇಗಿತ್ತೆಂದು ಊರಿಗೆಲ್ಲ ಗೊತ್ತಿತ್ತು. ನಡೆದುಕೊಂಡು ಇಳಿದೆವು. ಎರಡನೆಯ ದಿನ ಅಪ್ಪ ಒಂದು ಆಲಿವ್ ಮರದ ಕೆಳಗೆ ಸುಧಾರಿಸಿಕೊಳ್ಳುತ್ತೇನೆಂದು ಕೂತರು. ಏಳಲಿಲ್ಲ.

ಆಮೇಲೆ ಯಾರೋ ಹೇಳಿದರು, "ಉಸ್ತಾದ್ ನಿಮ್ಮನ್ನು ನೋಡಲೇ ಇಲ್ಲವಂತೆ" ಅಂತ.

ಅಂದು ಅಪ್ಪನ ಜಾಗದಲ್ಲಿ ಕೂತು ಪಾರಾದ ಮರ ಇಂದು ಅಮ್ಮನ ನೀರು ಕೇಳುತ್ತಿದೆ.

ನಜ್ಲಾ ತನ್ನೂಸ್ ಶಾಹೀನ್

•

ಕಫರ್ ಸಮ್ರಾ
೨೭ ನವೆಂಬರ್ ೧೯೯೪

ನಜ್ಲಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಕಡೆಯ ಪುಟಕ್ಕೆ ಉತ್ತರ ಕೊಡಲು ಹೊರಟಾಗಲೆಲ್ಲ ಲೇಖನಿಯ ಶಾಯಿ ಒಣಗುತ್ತದೆ. ಮೊದಲ ಪುಟಕ್ಕೆ ಉತ್ತರ ಹುಡುಕಲು ಹೊರಟೆ. ಅಲ್ಲಿ ಕಂಡದ್ದನ್ನು ಹೇಳಿದರೆ ನೀನು ನಂಬುವುದಿಲ್ಲ.

ಮೊದಲು ಊರೆಲ್ಲ ಸುತ್ತಿದೆ. ಹಿಂತಿರುಗಿ ಬಂದಿರುವ ಹತ್ತೊಂಬತ್ತು ಮನೆಗಳ ಕದ ತಟ್ಟಿದೆ. "ಮರ ಎಲ್ಲಿತ್ತು?" ಎಲ್ಲರದೂ ಒಂದೇ ಉತ್ತರ: "ಗಿರಣಿಗೂ ಒರತೆಗೂ ನಡುವೆ, ಇನ್ನೆಲ್ಲಿ?" ನನ್ನ ಎದೆ ಉಬ್ಬಿತು. ಕಮ್ಮಾರನ ಹೆಂಡತಿ ಅಡಿಗೆಮನೆಗೆ ಓಡಿಹೋಗಿ, "ಒಂದ್ನಿಮಿಷ ಇರಿ ಉಸ್ತಾದ್, ಸರಿಯಾಗಿ ನೋಡಿ ಹೇಳ್ತೀನಿ" ಅಂದಳು. ಏನನ್ನು ನೋಡಿ? ಗೋಡೆಯ ಕ್ಯಾಲೆಂಡರನ್ನು! ಮುಂದಿನ ಮನೆಯಲ್ಲೂ ಕ್ಯಾಲೆಂಡರು. ಅದರ ಮುಂದಿನ ಮನೆಯಲ್ಲೂ! ಹತ್ತೊಂಬತ್ತು ಸಾಕ್ಷಿಗಳು, ಹತ್ತೊಂಬತ್ತು ಕ್ಯಾಲೆಂಡರುಗಳು! ಅವರ ನೆನಪಿನಲ್ಲಿ ಮರವಿಲ್ಲ ತಾಯೀ, ನಾನಿದ್ದೇನೆ.

ಮನೆಗೆ ಬಂದು ಮೂವತ್ತೆಂಟು ಕ್ಯಾನ್ವಾಸುಗಳನ್ನೂ ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದೆ. ಬೆಳಗಿನ ಒರತೆ. ನಾನು ಯಾವಾಗಲೂ ಬೆಳಿಗ್ಗೆಯೇ ಬರೆದವನು. ಸೂರ್ಯ ಚಿತ್ರದ ಬಲಗಡೆ, ಪೂರ್ವದ ಶಿಖರದ ಮೇಲೆ. ಗಿರಣಿಯ ನೆರಳು ಎಡಕ್ಕೆ ಬಿದ್ದಿದೆ. ಚರ್ಚಿನ ನೆರಳು ಎಡಕ್ಕೆ. ಕತ್ತೆಯ ನೆರಳೂ ಎಡಕ್ಕೆ.

ಮರದ ನೆರಳು?

ಬಲಕ್ಕೆ! ನೀರಿನ ಮೇಲೆ! ಸೂರ್ಯನ ಕಡೆಗೇ!

ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿಬಂದರು. ಇಲಿ ಎಂದು ಹೇಳಿ ಕಳಿಸಿದೆ. ಮೂವತ್ತೆಂಟು ಚಿತ್ರ, ಮೂವತ್ತೆರಡು ವರ್ಷ. ಬೈರೂತಿನ ವಿಮರ್ಶಕರು ನೋಡಿದರು, ರಾಯಭಾರಿಗಳು ನೋಡಿದರು, ಇಡೀ ದೇಶ ಅಡಿಗೆಮನೆಯಲ್ಲಿ ತೂಗುಹಾಕಿಕೊಂಡು ನೋಡಿತು. ಒಬ್ಬನಾದರೂ, ಒಬ್ಬನಾದರೂ ಕೇಳಲಿಲ್ಲ! ನಾನೂ ಕೇಳಿಕೊಳ್ಳಲಿಲ್ಲ! ಬೆಳಗಿನ ಹೊತ್ತು ಮರದ ನೆರಳು ನೀರಿನ ಮೇಲೆ ಬೀಳಬೇಕಾದರೆ ಮರ ನೀರಿನ ಬಲಕ್ಕೆ ಇರಬೇಕು. ಗಿರಣಿ, ಒರತೆ, ಮರ. ನೀನು ಹೇಳಿದ ಹಾಗೆ. ಮೊದಲನೆಯ ಸಲ ನಾನು ಮರವನ್ನು ಎತ್ತಿ ಈಚೆ ಇಟ್ಟಿರಬೇಕು, ಕಂಡ ನೆರಳನ್ನು ಮಾತ್ರ ಕಂಡಲ್ಲೇ ಬಿಟ್ಟಿರಬೇಕು. ಆಮೇಲೆ ಎಲ್ಲವನ್ನೂ ಮರೆತಿರಬೇಕು.

ಇರಬೇಕು, ಇರಬೇಕು. ನನಗೆ ನೆನಪಿಲ್ಲ ನಜ್ಲಾ! ಭಯವಾಗುವುದು ಅದಕ್ಕೇ. ಕಣ್ಣು ಮುಚ್ಚಿದರೆ ಮರ ಈಗಲೂ ಚಿತ್ರದ ಜಾಗದಲ್ಲೇ ನಿಂತಿದೆ. ಅಲುಗಾಡುವುದಿಲ್ಲ.

ಇದನ್ನು ಯಾರಿಗೂ ಹೇಳಿಲ್ಲ. ನಿನಗೂ ಹೇಳಬಾರದಿತ್ತೇನೋ. ಫೆಬ್ರವರಿ ಮೂರಕ್ಕೆ ಪ್ರದರ್ಶನ. ನನಗೆ ಎಪ್ಪತ್ತೆರಡು. ಇನ್ನೊಂದು ಜೀವಮಾನ ಎಲ್ಲಿಂದ ತರಲಿ? ನೆರಳನ್ನು ನೋಡಿ ಯಾವ ನ್ಯಾಯಾಧೀಶನೂ ತೀರ್ಪು ಕೊಡುವುದಿಲ್ಲ. ಮುದುಕನ ಕೈ ತಪ್ಪಿತು ಎನ್ನುತ್ತಾರೆ. ನಾನು ಬಾಯಿ ಬಿಟ್ಟರೂ ನಿಮಗೆ ಒರತೆ ಸಿಗುವುದಿಲ್ಲ, ನನ್ನ ಹೆಸರು ಮಾತ್ರ ಹೋಗುತ್ತದೆ. ಹಾಗಿದ್ದ ಮೇಲೆ ಯಾಕೆ?

ನನ್ನನ್ನು ಬಿಟ್ಟುಬಿಡು ಮಗಳೇ.

ನಾಸಿಫ್

•

ಝಹ್ಲೆ
೫ ಜನವರಿ ೧೯೯೫

ಉಸ್ತಾದ್,

ಬಿಟ್ಟುಬಿಡೋಣವೆಂದೇ ಇದ್ದೆ. ಮೊನ್ನೆಯ ತನಕ.

ನಿಮ್ಮ ನೆರಳಿನ ಕಾಗದವನ್ನು ಅಮ್ಮನಿಗೆ ಓದಿದ್ದೆ. ರೊಟ್ಟಿಯಿಂದ ಮರ ಅಳಿಸಿದ ಕಥೆಯನ್ನೂ ಮತ್ತೆ ಹೇಳಿದೆ. ಅಮ್ಮ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು, ತಲೆ ಎತ್ತದೆ ಕೇಳಿದರು: "ಆರು ಅಂಕದ ಕಾಗದ ತಾನೆ? ನನ್ನ ಹತ್ರ ಇದೆ."

ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. "ಏನಂದ್ರಿ?"

"ಇದೆ ಅಂದೆ. ಆರು ಅಂಕ ಅಂತ ಗೊತ್ತಾದ್ರೆ ನಿಮ್ಮಪ್ಪ ಸ್ಕೂಲು ಬಿಡಿಸ್ತಿದ್ರು. ಅದಕ್ಕೆ ಬಚ್ಚಿಟ್ಟೆ. ಮಾರ್ ಇಲ್ಯಾಸನ ಹಿಂದೆ."

ಗೋಡೆಯ ಮೇಲಿದ್ದ ಸಂತ ಇಲ್ಯಾಸನ ಪಟ. ಊರು ಬಿಟ್ಟ ದಿನ ಅಮ್ಮ ಎದೆಗವಚಿಕೊಂಡು ತಂದದ್ದು ಅದೊಂದನ್ನೇ. ಚೌಕಟ್ಟಿನ ಹಿಂದಿನ ಮೊಳೆಗಳನ್ನು ಕಿತ್ತೆವು. ಅವಸರದಲ್ಲಿ ಒಂದು ಮೊಳೆ ಬೆರಳಿಗೆ ಚುಚ್ಚಿತು. ರಟ್ಟಿಗೂ ಪಟಕ್ಕೂ ನಡುವೆ, ಮೂವತ್ತೆರಡು ವರ್ಷ ಹಳದಿಯಾಗಿ, ನನ್ನ ಕಾಗದ! ಗಿರಣಿ ಇದೆ. ಒರತೆ ಇದೆ. ಬಲತುದಿಯಲ್ಲಿ ನೀವು ತಿಕ್ಕಿದ ಬೂದು ಕಲೆ ಇದೆ. ನಾನು ಪೆನ್ಸಿಲನ್ನು ಒತ್ತಿ ಬರೆಯುತ್ತಿದ್ದವಳು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅಳಿಸಿದ ಮರ ಕೊಂಬೆ ಕೊಂಬೆಯಾಗಿ ಎದ್ದು ಬರುತ್ತದೆ. ಅದರ ಸುತ್ತ ನಿಮ್ಮ ಕೆಂಪು ಪೆನ್ಸಿಲಿನ ವೃತ್ತ. ಅಲ್ಲಿಂದ ಒರತೆಯನ್ನು ದಾಟಿಕೊಂಡು ಗಿರಣಿಯ ಕಡೆಗೆ ಒಂದು ಉದ್ದ ಬಾಣ. ಬಾಣದ ಮೊನೆಯ ಪಕ್ಕ ನಿಮ್ಮ ಕೈಬರಹ: "ಮರ ಇಲ್ಲಿಗೆ ಬರಲಿ. ೬/೨೦." ಸಹಿ. ತಾರೀಕು.

ನಿಮ್ಮ ಮೂವತ್ತೆಂಟು ಚಿತ್ರಗಳು ವ್ಯಾನಿನಲ್ಲಿ ಕೂತು ಇಳಿದವು ಉಸ್ತಾದ್. ಇದೊಂದು ನಡೆದುಕೊಂಡು ಇಳಿದಿತ್ತು.

ನಮ್ಮ ವಕೀಲರಿಗೆ ಫೋನ್ ಮಾಡಿದೆ. "ಕೆಂಪು ಬರಹ ತನ್ನದೆಂದು ಅವರೇ ಒಪ್ಪಬೇಕು. ಒಪ್ಪದಿದ್ದರೆ ಇದು ಒಂದು ಮಗುವಿನ ಗೀಚು, ಅಷ್ಟೆ" ಅಂದರು. ಹದಿನಾರನೆಯ ತಾರೀಕು ನಾವು ಬರುವ ಹಾಗಿಲ್ಲ. ಘಾಟಿಯಲ್ಲಿ ಹಿಮ ಸುರಿಯುತ್ತಿದೆ, ನಾಳೆಯಿಂದ ರಸ್ತೆ ಮುಚ್ಚುತ್ತಾರೆ. ಕಾಗದವನ್ನು ವಕೀಲರಿಗೆ ಕಳಿಸೋಣ ಅಂದೆ. ಅಮ್ಮ ಕೇಳಲಿಲ್ಲ.

"ಅವನಿಗೇ ಕಳಿಸು."

"ಅಮ್ಮಾ, ಇರೋದು ಇದೊಂದೇ. ಒಲೆಗೆ ಹಾಕಿದ್ರೆ?"

"ಹಾಕಿದ್ರೆ ಹಾಕ್ಲಿ. ಅವನು ಕೊಟ್ಟಿದ್ದು, ಅವನೇ ಓದ್ಲಿ. ಇನ್ನೊಂದು ಸಲ ನಮ್ಮನ್ನ ರಸ್ತೇಲಿ ಬಿಟ್ಟು ಹೋಗ್ತಾನೋ ಇಲ್ವೋ ನೋಡೇಬಿಡೋಣ."

ಆದ್ದರಿಂದ ಕಳಿಸುತ್ತಿದ್ದೇನೆ. ಘಾಟಿ ದಾಟುವ ಕಡೆಯ ಟ್ಯಾಕ್ಸಿಯವನ ಕೈಯಲ್ಲಿ, ಎರಡು ರಟ್ಟಿನ ನಡುವೆ. ಮೂಲಪ್ರತಿ. ನಕಲು ಮಾಡಿಸಿಲ್ಲ. ಅಮ್ಮ ಬೇಡ ಅಂದರು.

ನಜ್ಲಾ

•

ಕಫರ್ ಸಮ್ರಾ
೧೮ ಜನವರಿ ೧೯೯೫

ತಾಯೀ ನಜ್ಲಾ,

ಕೇಳು. ಮೊನ್ನೆಯ ನಾಟಕದಲ್ಲಿ ನಾನು ಒಂದೇ ಸಲ ಸತ್ತೆ.

ನ್ಯಾಯಾಲಯ ತುಂಬಿತ್ತು. ಊರಿಗೆ ಊರೇ ಬಂದಿತ್ತು. ಎಂಜಿನಿಯರು, ಪಾದ್ರಿ, ಕ್ಯಾಲೆಂಡರಿನ ಹತ್ತೊಂಬತ್ತು ಮನೆಯವರು. ಜಿರ್ಜಿ ಹೊಸ ಕೋಟು ಹಾಕಿಕೊಂಡು ಮೊದಲ ಸಾಲಿನಲ್ಲಿದ್ದ. ನಾನು ಒಳಗೆ ಬಂದಾಗ ಎದ್ದು ನಿಂತು ನನ್ನ ಕೈಗೆ ಮುತ್ತಿಟ್ಟ! "ನಮ್ಮ ಉಸ್ತಾದ್! ನಮ್ಮ ಬೆಟ್ಟದ ಕಣ್ಣು!" ಅಂದ. ನನ್ನ ಕಂಕುಳಲ್ಲಿ ನಿನ್ನ ರಟ್ಟುಗಳಿದ್ದವು. ಬಿಸಿ ಹಂಚಿನ ಹಾಗೆ ಸುಡುತ್ತಿದ್ದವು.

ಮುಚ್ಚಿಡುವುದಿಲ್ಲ. ಹನ್ನೊಂದು ದಿನ ಅದು ನನ್ನ ಒಲೆಯ ಪಕ್ಕದ ಮೇಜಿನ ಮೇಲಿತ್ತು. ಚಳಿ ಬಹಳ ಇತ್ತು.

ಜಿರ್ಜಿಯ ವಕೀಲ ಎದ್ದ. ಕ್ಯಾಲೆಂಡರಿನ ಕಡೆ ಕೈ ಚಾಚಿ, "ಉಸ್ತಾದ್ ಅವರೇ, ತಾವು ಕಂಡದ್ದನ್ನು ಕಂಡಂತೆ ಬರೆಯುವವರು. ಅಲ್ಲವೇ?" ಅಂದ.

ಒಂದು "ಹೌದು" ಸಾಕಿತ್ತು ಮಗಳೇ! ಇಡೀ ಕೋಣೆ ಅದನ್ನೇ ಕಾಯುತ್ತಿತ್ತು. ನನ್ನ ನಾಲಿಗೆಯೂ ಅದಕ್ಕೇ ಸಿದ್ಧವಾಗಿ ನಿಂತಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ. "ಅಲ್ಲ" ಅಂದೆ.

ಅಬ್ಬಾ! ರಂಗದ ಮೇಲೆ ಪರದೆಯ ಹಗ್ಗ ಹರಿದು ಎಲ್ಲವೂ ಕೆಳಗೆ ಬಿದ್ದ ಹಾಗಾಯಿತು. ನ್ಯಾಯಾಧೀಶರು ಕನ್ನಡಕ ತೆಗೆದು, "ಏನೆಂದಿರಿ?" ಅಂದರು.

"ಸ್ವಾಮಿ, ಆ ಮರವನ್ನು ನಾನು ಜರುಗಿಸಿದ್ದೇನೆ. ಅಂಚಿನಲ್ಲಿ ನಿಂತರೆ ಚಿತ್ರ ಬೋಳಾಗಿ ಕಾಣುತ್ತಿತ್ತು. ಈಚೆ ತಂದೆ. ಮರ ಬಂತು, ನೆರಳು ಬರಲಿಲ್ಲ. ನೋಡಿ." ಕುರ್ಚಿಯ ಮೇಲೆ ಹತ್ತಿದೆ. ನ್ಯಾಯಾಲಯದ ಜವಾನ ಬೀಳದಂತೆ ನನ್ನ ಸೊಂಟ ಹಿಡಿದುಕೊಂಡ. ಊರುಗೋಲಿನಿಂದ ಒಂದೊಂದೇ ತೋರಿಸಿದೆ. ಗಿರಣಿಯ ನೆರಳು ಅತ್ತ, ಚರ್ಚಿನ ನೆರಳು ಅತ್ತ, ಕತ್ತೆಯ ನೆರಳು ಅತ್ತ. ಮರದ್ದು? ಇತ್ತ! ಕಮ್ಮಾರನ ಹೆಂಡತಿ, "ಅಯ್ಯೋ ಕನ್ಯಾಮರಿಯೇ! ಇಪ್ಪತ್ತು ವರ್ಷದಿಂದ ಇದರ ಕೆಳಗೆ ಈರುಳ್ಳಿ ಹೆಚ್ಚಿದೀನಲ್ಲ!" ಎಂದು ಕಿರುಚಿದಳು.

ಜಿರ್ಜಿ ಜಿಗಿದೆದ್ದ. "ಮುದುಕನಿಗೆ ಬುದ್ಧಿ ಕೆಟ್ಟಿದೆ! ನೆರಳಂತೆ ನೆರಳು!"

ಆಗ ನಿನ್ನ ಕಾಗದ ತೆಗೆದೆ.

ನ್ಯಾಯಾಧೀಶರು ಅದನ್ನು ಕಿಟಕಿಯ ಬಳಿಗೆ ಒಯ್ದು ಓರೆಯಾಗಿ ಹಿಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಹುಬ್ಬು ಮೇಲೆ ಹೋಯಿತು. ಇನ್ನೂ ಮೇಲೆ ಹೋಯಿತು. "ಈ ಕೆಂಪು ಬರಹ ಯಾರದು?"

"ನನ್ನದು ಸ್ವಾಮಿ."

ಕೆಂಪು ಪೆನ್ಸಿಲು ತರಿಸಿದರು. ಬಿಳಿ ಹಾಳೆ ಕೊಟ್ಟರು. "ಅದನ್ನೇ ಬರೆಯಿರಿ." ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಇಡೀ ಊರಿನ ಮುಂದೆ, ತಪ್ಪು ಮಾಡಿದ ಶಾಲಾಬಾಲಕನ ಹಾಗೆ ಬಗ್ಗಿ ಬರೆದೆ: ಮರ ಇಲ್ಲಿಗೆ ಬರಲಿ.  ಅಕ್ಷರದ ಬಾಲ ಮೂವತ್ತೆರಡು ವರ್ಷದ ಹಿಂದಿನ ಹಾಗೆಯೇ ಸುತ್ತಿಕೊಂಡಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಎರಡರಲ್ಲಿ ಯಾವುದು ನಿಜ? ನಿಮ್ಮ ಚಿತ್ರವೋ, ಮಗುವಿನದೋ?"

"ಆರು ಅಂಕದ್ದು, ಸ್ವಾಮಿ."

ಹಿಂದಿನ ಸಾಲಿನಿಂದ ಎಂಜಿನಿಯರು ಅಳುವ ದನಿಯಲ್ಲಿ ಕೇಳಿದ: "ಉಸ್ತಾದ್! ಹಾಗಾದ್ರೆ ಗೋಪುರ?" ನಾನು ಉತ್ತರ ಕೊಡುವ ಮೊದಲೇ ಪಾದ್ರಿಗಳು ಎದ್ದು, "ನಾನು ಹೇಳ್ಲಿಲ್ವಾ! ಹಗ್ಗ ಸಾಲ್ತಿಲ್ಲ ಅಂತ ಹೇಳ್ಲಿಲ್ವಾ!" ಅಂದರು.

ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿದರು. ಅದಿದ್ದಲ್ಲಿ ಬಿಳಿಯ ಚೌಕ ಉಳಿದಿದೆ. ತೀರ್ಪು ಮಾರ್ಚಿಗಂತೆ. ಸಂಜೆಯೇ ಗ್ಯಾಲರಿಯ ಹೆಂಗಸಿನ ಫೋನ್ ಬಂತು. "ಪ್ರದರ್ಶನ ಸದ್ಯಕ್ಕೆ ಮುಂದಕ್ಕೆ ಹಾಕಿದ್ದೇವೆ" ಅಂದಳು. ಎಷ್ಟು ಮುಂದಕ್ಕೆಂದು ನಾನು ಕೇಳಲಿಲ್ಲ.

ಈಗ ನಿನ್ನ ನವೆಂಬರಿನ ಕಾಗದದ ಕಡೆಯ ಪುಟ.

ಮರವನ್ನು ಜರುಗಿಸಿ ಮರೆತವನು ಇನ್ನೇನನ್ನು ಜರುಗಿಸಿರಬಹುದೆಂದು ಹನ್ನೊಂದು ದಿನ ಒಲೆಯ ಮುಂದೆ ಕೂತು ಹುಡುಕಿದೆ. ನನ್ನ ನೆನಪಿನಲ್ಲಿ ಗಿರಣಿಯ ತಿರುವು ಖಾಲಿಯಾಗಿದೆ. ರಸ್ತೆ, ಗೋಡೆ, ಧೂಳು. ಯಾರೂ ಇಲ್ಲ. ಹನ್ನೊಂದು ವರ್ಷ ಅದನ್ನೇ ನೋಡಿದೆ, ಅದನ್ನೇ ಹೇಳಿದೆ, ನಂಬಿದೆ. ಆದರೆ ಆ ಖಾಲಿ ರಸ್ತೆಯ ಮೇಲೆ ಮೂರು ನೆರಳುಗಳಿವೆ ನಜ್ಲಾ. ಈಗ ಕಾಣುತ್ತಿವೆ.

ನಾನು ನೋಡಿದ್ದೆ.

ನಾಸಿಫ್

•

ಕಫರ್ ಸಮ್ರಾ
೨ ಏಪ್ರಿಲ್ ೧೯೯೫

ನಜ್ಲಾ,

ಎರಡೂವರೆ ತಿಂಗಳು ನಿನ್ನಿಂದ ಒಂದು ಅಕ್ಷರವಿಲ್ಲ. ಇರಬೇಕೆಂದು ನಾನೂ ಕೇಳುವುದಿಲ್ಲ. ತೀರ್ಪು ನಿನಗೆ ತಲುಪಿರುತ್ತದೆ. ಒರತೆ ಶಾಹೀನ್ ಮನೆಯದು. ನಿನ್ನ ಕಾಗದವನ್ನು ದಾಖಲೆಯ ಕಡತಕ್ಕೆ ಹೊಲಿದುಬಿಟ್ಟಿದ್ದಾರೆ, ವಾಪಸು ಕೊಡುವುದಿಲ್ಲವಂತೆ. ನನ್ನ ಚಿತ್ರ ಯಾವ ಸರಕಾರಿ ಕಡತಕ್ಕೂ ಸೇರಿರಲಿಲ್ಲ. ನಿನ್ನದು ಸೇರಿತು!

ಕಳೆದ ವಾರ ಮೋಜಣಿದಾರರ ಜೊತೆ ನಿನ್ನ ಅಮ್ಮ ಬಂದಿದ್ದಳು. ನಾನು ಎದುರು ಹೋಗಲು ಹೆದರಿ ಗಿರಣಿಯ ಗೋಡೆಯ ಹಿಂದೆ ನಿಂತಿದ್ದೆ. ಅವಳು ಒರತೆಯಲ್ಲಿ ಮುಖ ತೊಳೆದುಕೊಂಡು, ತಿರುಗಿ ನೋಡದೆಯೇ ಕೂಗಿದಳು:

"ಬಾರಯ್ಯಾ ಉಸ್ತಾದ್, ಬಾ! ಕುರ್ಚಿ ಎಲ್ಲಿ ಹಾಕ್ಲಿ ಹೇಳು. ಅಂಚಿಗೆ ಹಾಕಿದ್ರೆ ನಿಂಗೆ ಬೋಳು ಕಾಣ್ಬೋದು!"

ಹೋದೆ. ಎದುರು ನಿಂತೆ. "ವರ್ದೆ, ಅವತ್ತು ನಾನು ನಿಮ್ಮನ್ನ ನೋಡಿದ್ದೆ" ಅಂದೆ.

"ಗೊತ್ತು."

"ಗೊತ್ತಿತ್ತಾ?"

"ವ್ಯಾನಿನ ಕನ್ನಡೀನ ಕೈಯಿಂದ ತಿರುಗಿಸಿದೆಯಲ್ಲ, ನಾವು ಕಾಣಬಾರ್ದು ಅಂತ. ತನ್ನೂಸೂ ನೋಡಿದ್ರು. 'ಬಿಡು, ಅವನ ಹತ್ರ ಜಾಗ ಇಲ್ಲ' ಅಂದ್ರು. ಅವರು ನಿನ್ನ ಬೈಲಿಲ್ಲ. ಅವರ ಪಾಲಿಂದೂ ಸೇರಿಸಿ ಹನ್ನೊಂದು ವರ್ಷ ನಾನು ಬೈದೆ."

 ಕನ್ನಡಿ! ಆ ಕನ್ನಡಿ ನನಗೆ ನೆನಪೇ ಇರಲಿಲ್ಲ. ಈಗಲೂ ನೆನಪಿಲ್ಲ. ಅವಳು ಹೇಳಿದ ಮೇಲೆ ನನ್ನ ಬಲಗೈ ಮಾತ್ರ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಏನನ್ನೋ ತಿರುಗಿಸಿತು.

ಈ ಕಾಗದದ ಜೊತೆ ಒಂದು ಚಿತ್ರ ಇಟ್ಟಿದ್ದೇನೆ. ಬಣ್ಣವಿಲ್ಲ, ಪೆನ್ಸಿಲು ಮಾತ್ರ. ಗಿರಣಿಯ ತಿರುವು, ಸೆಪ್ಟೆಂಬರ್ ೧೯೮೩. ವ್ಯಾನು ಇದೆ. ಮುಂದಿನ ಸೀಟಿನಲ್ಲಿ ಆ ದರಿದ್ರ ಮರ ಇದೆ. ರಸ್ತೆಯ ಬದಿಯಲ್ಲಿ ನೀವು ಮೂವರು. ಯಾರು ಎಲ್ಲಿ ನಿಂತಿದ್ದಿರಿ ಎನ್ನುವುದರಲ್ಲಿ ನನ್ನ ಕಣ್ಣನ್ನು ನಾನು ನಂಬುವುದಿಲ್ಲ. ನೀನು ನೋಡು. ತಪ್ಪಿದ್ದಲ್ಲಿ ಕೆಂಪು ಪೆನ್ಸಿಲು ಹಾಕು. ಇಪ್ಪತ್ತಕ್ಕೆ ಎಷ್ಟು ಕೊಡುತ್ತೀಯೋ ಕೊಡು. ಆರಕ್ಕಿಂತ ಹೆಚ್ಚು ಬೇಡ.

ನಿನ್ನ ವಿದ್ಯಾರ್ಥಿ,
ನಾಸಿಫ್ ಸವಾಯಾ

•

ಝಹ್ಲೆ
೯ ಏಪ್ರಿಲ್ ೧೯೯೫

ಉಸ್ತಾದ್,

ಚಿತ್ರ ತಲುಪಿತು. ಅದನ್ನು ಶಾಲೆಯಲ್ಲೇ ಬಿಡಿಸಿ ನೋಡಿದೆ, ತರಗತಿಯ ನಡುವೆ. ಮಕ್ಕಳು "ಟೀಚರ್, ಏನಾಯ್ತು?" ಎಂದು ಕೇಳುವ ತನಕ ನಾನು ನಿಂತೇ ಇದ್ದೇನೆಂದು ನನಗೆ ತಿಳಿದಿರಲಿಲ್ಲ.

ಅಪ್ಪ ನಿಂತಿರಲಿಲ್ಲ, ಗೋಡೆಯ ಮೇಲೆ ಕೂತಿದ್ದರು. ನೀವು ಹಾಗೆಯೇ ಬರೆದಿದ್ದೀರಿ. ಕೆಟ್ಟ ಕಾಲನ್ನು ಚಾಚಿಕೊಂಡಿದ್ದರು. ಹಾಗೆಯೇ ಇದೆ. ಅಮ್ಮನ ಎದೆಯ ಮೇಲೆ ಮಾರ್ ಇಲ್ಯಾಸನ ಪಟ, ಅದೂ ಇದೆ. ನಾನು ಕೈ ಎತ್ತಿದ್ದೆ. ಅದನ್ನೂ ನೀವು ನೋಡಿದ್ದಿರೆಂದು ಈಗ ಗೊತ್ತಾಯಿತು. ನೆರಳುಗಳೆಲ್ಲ ಸರಿಯಾದ ದಿಕ್ಕಿಗೆ ಬಿದ್ದಿವೆ. ಜರುಗಿದ್ದು ಏನೂ ಇಲ್ಲ.

ಅಂಕ ಕೊಡಲು ಕೆಂಪು ಪೆನ್ಸಿಲು ತೆಗೆದುಕೊಂಡೆ. ಕೊಡಲಾಗಲಿಲ್ಲ. ಅಪ್ಪನ ಸುತ್ತ ಒಂದು ವೃತ್ತ ಹಾಕಿದೆ. ಅಲ್ಲಿಂದ ರಸ್ತೆ ದಾಟಿ, ವ್ಯಾನಿನ ಬಾಗಿಲು ದಾಟಿ, ನಿಮ್ಮ ಪಕ್ಕದ ಸೀಟಿನ ತನಕ ಒಂದು ಬಾಣ ಎಳೆದೆ. ಮೊನೆಯ ಪಕ್ಕ ಬರೆದೆ: "ಅಪ್ಪ ಇಲ್ಲಿಗೆ ಬರಲಿ."

ಚಿತ್ರವನ್ನು ವಾಪಸು ಕಳಿಸುತ್ತಿದ್ದೇನೆ. ತಿದ್ದಬೇಡಿ. ಅಪ್ಪ ಗೋಡೆಯ ಮೇಲೆಯೇ ಇರಲಿ, ಬಾಣವೂ ಇರಲಿ.

ನಿಮ್ಮ ವಿದ್ಯಾರ್ಥಿನಿ,
ನಜ್ಲಾ